ಗದ್ದೆಯ ಬದಿಯ ಆಲೆಮನೆ



ಈ ದತ್ತಿ ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ ದತ್ತಿಯ ಕರಾರುಪತ್ರವನ್ನು ತರಿಸಿಕೊಂಡು ಓದಿದೆ. ಒಂದೂವರೆ ಪುಟವಿದೆ, ಷರತ್ತು ಮಾತ್ರ ಒಂದೇ. ಮೂಲಧನವನ್ನು ಬ್ಯಾಂಕಿನಿಂದ ಕದಲಿಸಕೂಡದು. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು. ಗಂಟು ಇದ್ದಲ್ಲೇ ಇರಲಿ, ಅದು ಹುಟ್ಟಿಸಿದ್ದಷ್ಟೇ ಹೊರಗೆ ಬರಲಿ ಎಂದು. ನಾನು ಒಂದು ಗಂಟೆ ಹೇಳಬೇಕೆಂದುಕೊಂಡದ್ದನ್ನು ದಾನಿಗಳು ಒಂದು ಸಾಲಿನಲ್ಲಿ ಬರೆದಿಟ್ಟುಬಿಟ್ಟಿದ್ದಾರೆ. ಕೊಟ್ಟದ್ದು ದತ್ತ, ಅಲ್ಲಿಂದಲೇ ದತ್ತಿ, ಅಲ್ಲಿಂದಲೇ ದತ್ತಾಂಶ. ಡೇಟಾ ಎಂಬ ಲ್ಯಾಟಿನ್ ಮಾತಿಗೂ ಕೊಟ್ಟವು ಎಂದೇ ಅರ್ಥ. ಹಾಗಾಗಿ ದತ್ತಾಂಶವಿದ್ದಲ್ಲಿಗೇ ಲೆಕ್ಕವನ್ನು ಒಯ್ಯುವುದು ಎಂಬ ವಿಷಯದ ಆಯ್ಕೆಯಲ್ಲಿ ನಾನು ದಾರಿ ತಪ್ಪಿಲ್ಲ ಎಂದುಕೊಂಡಿದ್ದೇನೆ.

ನಮ್ಮ ತಾತನ ಊರಿನಲ್ಲಿ ಆಲೆಮನೆ ಗದ್ದೆಯ ಬದಿಯಲ್ಲೇ ಏಳುತ್ತಿತ್ತು. ಕಬ್ಬು ಕಡಿಯುವ ಕಾಲಕ್ಕೆ ಕಬ್ಬಿಣದ ಆಲೆಯನ್ನು ಗಾಡಿಯ ಮೇಲೆ ಹೇರಿಕೊಂಡು ಬರುತ್ತಿದ್ದರು. ಹಿಂದಿನ ಗಾಡಿಯಲ್ಲಿ ಕೊಪ್ಪರಿಗೆ. ಒಲೆ ತೋಡಿ, ಚಪ್ಪರ ಎಬ್ಬಿಸಿ, ಎತ್ತು ಕಟ್ಟಿದರೆ ಮುಗಿಯಿತು. ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದೆ: ಇಷ್ಟು ಭಾರದ ಆಲೆಯನ್ನು ಯಾಕೆ ಹೊತ್ತು ತರುತ್ತೀರಿ, ಕಬ್ಬನ್ನೇ ಅಲ್ಲಿಗೆ ಒಯ್ಯಬಾರದೆ? ತಾತ ನಕ್ಕು, "ಲೇ, ಆಲೆ ಒಂದು ಸಲ ಬರುತ್ತೆ. ಕಬ್ಬು ಎಷ್ಟು ಗಾಡಿ ಹೋಗಬೇಕು ಎಣಿಸು" ಅಂದಿದ್ದರು. ನೂರು ಕಿಲೋ ಕಬ್ಬು ಅರೆದರೆ ಹತ್ತು ಕಿಲೋ ಬೆಲ್ಲ ಬಂದೀತು. ಉಳಿದದ್ದು ನೀರು, ಸಿಪ್ಪೆ. ನೀರು ಆವಿಯಾಗುತ್ತದೆ, ಸಿಪ್ಪೆ ಒಣಗಿ ಅದೇ ಒಲೆಗೆ ಉರುವಲಾಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಗದ್ದೆ ದಾಟುವುದೇ ಇಲ್ಲ.

ಈ ಲೆಕ್ಕ ಗೊತ್ತಿದ್ದೂ ನಾನು ಕಬ್ಬು ಹೊತ್ತವನು. 2009ರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಲ್ಲಿ ಜನವರಿ ತಿಂಗಳಿಗೆ ಎಷ್ಟರಲ್ಲಿ ನೀರು ಉಳಿದಿರುತ್ತದೆ ಎಂದು ಹತ್ತು ವರ್ಷದ ಉಪಗ್ರಹ ಚಿತ್ರಗಳಿಂದ ನೋಡಬೇಕಿತ್ತು. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು ಅದರ ಹಿಂದಿನ ವರ್ಷವಷ್ಟೇ ಎಲ್ಲರಿಗೂ ಉಚಿತವಾಗಿದ್ದವು. ಅದಕ್ಕೆ ಮೊದಲು ಲ್ಯಾಂಡ್‌ಸ್ಯಾಟ್ 7ರ ಒಂದು ಚಿತ್ರಕ್ಕೆ 600 ಡಾಲರ್. ಉಚಿತ ಎಂದ ಕೂಡಲೇ ಆಸೆ ಹತ್ತಿತು. ನಾನೂರರಷ್ಟು ಚಿತ್ರ, ಒಟ್ಟು ನೂರು ಗಿಗಾಬೈಟಿನಷ್ಟು ಇಳಿಸಲು ಕೂತೆ. ಲ್ಯಾಬಿನ ಲೈನಿನಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಸೆಕೆಂಡಿಗೆ ಒಂದು ಮೆಗಾಬಿಟ್. ಒಂಬತ್ತು ಹಗಲು, ಒಂಬತ್ತು ರಾತ್ರಿ. ನಾಲ್ಕನೆಯ ರಾತ್ರಿ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಅರ್ಧ ಇಳಿದಿದ್ದ ಕಡತ ಮತ್ತೆ ಮೊದಲಿಂದ. ಎಲ್ಲ ಇಳಿದ ಮೇಲೆ ಲೆಕ್ಕ ಮಾಡಲು ಒಂದೂವರೆ ದಿನ ಹಿಡಿಯಿತು. ಕೊನೆಗೆ ಬಂದ ಉತ್ತರ ಒಂದು ಕೋಷ್ಟಕ: ಹತ್ತು ಸಾಲು, ಮೂರು ಕಂಬ. ಎ4 ಹಾಳೆಯಲ್ಲಿ ಮುದ್ರಿಸಿದರೆ ಮುಕ್ಕಾಲು ಹಾಳೆ ಖಾಲಿ ಉಳಿದಿತ್ತು. ಆ ಹಾಳೆ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. ನೂರು ಗಿಗಾಬೈಟ್ ಕಬ್ಬು, ಚಿಟಿಕೆ ಬೆಲ್ಲ.

ನಾನು ಮಾಡಿದ್ದು ತಪ್ಪು ಎಂದು ಆರು ವರ್ಷ ಮೊದಲೇ ಒಬ್ಬರು ಬರೆದಿದ್ದರು. ಜಿಮ್ ಗ್ರೇ, ದತ್ತಕೋಶಗಳ ಮೇಲಿನ ಕೆಲಸಕ್ಕೆ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 2003ರ ಒಂದು ಸಣ್ಣ ಲೇಖನದಲ್ಲಿ ಅವರು ಅಂಗಡಿಯವರ ಹಾಗೆ ದರಪಟ್ಟಿ ಹಾಕಿ ಕೂತರು. ದೂರದ ಜಾಲದಲ್ಲಿ ಹತ್ತು ಬೈಟ್ ಕಳಿಸುವ ಖರ್ಚಿಗೆ ಕಂಪ್ಯೂಟರಿನಿಂದ ಒಂದು ಲಕ್ಷ ಆದೇಶಗಳ ಕೆಲಸ ಮಾಡಿಸಬಹುದು ಎಂಬುದು ಅವರ ಲೆಕ್ಕ. ಎಂದರೆ ಒಂದು ಬೈಟಿಗೆ ಹತ್ತು ಸಾವಿರ ಆದೇಶ. ನಿಮ್ಮ ಲೆಕ್ಕ ಅದಕ್ಕಿಂತ ಹೆಚ್ಚು ತಿಣುಕುವಂಥದ್ದಾದರೆ ದತ್ತಾಂಶವನ್ನು ಕಳಿಸಿ, ತಪ್ಪಿಲ್ಲ. ಅನ್ಯಗ್ರಹದ ಜೀವಿಗಳ ಸದ್ದು ಹುಡುಕುವ ಸೆಟಿ ಅಟ್ ಹೋಮ್ ಯೋಜನೆ 1999ರಿಂದ ಹಾಗೇ ಮಾಡಿತು. ಮೂರೂವರೆ ನೂರು ಕಿಲೋಬೈಟಿನ ಒಂದು ತುಣುಕು ಮನೆಗೆ ಬಂದರೆ ನಿಮ್ಮ ಕಂಪ್ಯೂಟರು ಅದನ್ನು ಗಂಟೆಗಟ್ಟಲೆ ಅರೆಯುತ್ತಿತ್ತು. ಅದು ಕಬ್ಬಲ್ಲ, ಚಿನ್ನದ ಅದಿರು. ದೂರ ಒಯ್ದರೂ ನಷ್ಟವಿಲ್ಲ. ನನ್ನ ಕೆರೆಯ ಲೆಕ್ಕ ಅಂಥದ್ದಲ್ಲ. ಪ್ರತಿ ಚುಕ್ಕೆಗೂ ನಾಲ್ಕಾರು ಕೂಡು, ಕಳೆ, ಭಾಗಿಸು. ಇದು ನೀರೋ ನೆಲವೋ ಎಂದು ತೀರ್ಮಾನಿಸು. ಮುಂದಿನ ಚುಕ್ಕೆಗೆ ಹೋಗು. ಅಷ್ಟಕ್ಕೆ ಹಡಗು ಕಟ್ಟಿ ಸಮುದ್ರ ದಾಟಿಸಿದ್ದೆ.

ಗ್ರೇ ಬರೀ ಬೋಧಕರಲ್ಲ. ಟೆರಾಬೈಟ್ ಲೆಕ್ಕದ ದತ್ತಾಂಶ ಬೇಕೆಂದವರಿಗೆ ಅವರು ಡಿಸ್ಕು ತುಂಬಿದ ಇಡೀ ಕಂಪ್ಯೂಟರನ್ನೇ ಪೆಟ್ಟಿಗೆಯಲ್ಲಿಟ್ಟು ಕಳಿಸಿಕೊಟ್ಟದ್ದುಂಟು. ಅಂಚೆಯವನು ಜಾಲಕ್ಕಿಂತ ಬೇಗ ತಲುಪುತ್ತಿದ್ದ. ದಕ್ಷಿಣ ಆಫ್ರಿಕಾದಲ್ಲಿ 2009ರಲ್ಲಿ ಒಂದು ಪಾರಿವಾಳದ ಕಾಲಿಗೆ 4 ಗಿಗಾಬೈಟಿನ ಮೆಮೊರಿ ಕಾರ್ಡು ಕಟ್ಟಿ ಹಾರಿಸಿ, ಅಲ್ಲಿನ ಬ್ರಾಡ್‌ಬ್ಯಾಂಡಿನ ಜೊತೆ ಪಂದ್ಯಕ್ಕೆ ಬಿಟ್ಟರು. ಪಾರಿವಾಳ ಎಂಬತ್ತು ಕಿಲೋಮೀಟರು ಹಾರಿ, ಕಾರ್ಡಿನಲ್ಲಿದ್ದದ್ದು ಕಂಪ್ಯೂಟರಿಗೆ ಇಳಿದೂ ಆಗಿತ್ತು; ಲೈನಿನಲ್ಲಿ ಅಷ್ಟು ಹೊತ್ತಿಗೆ ಹೋದದ್ದು ನೂರಕ್ಕೆ ನಾಲ್ಕರಷ್ಟು. ಜಾಲಗಳು ಆಮೇಲೆ ವೇಗವಾದವು, ನಿಜ. ಗಂಟೂ ಬೆಳೆಯಿತಲ್ಲ. ಸೆಕೆಂಡಿಗೆ ಒಂದು ಗಿಗಾಬಿಟ್ ಪೂರ್ತಿ ನಿಮ್ಮೊಬ್ಬರಿಗೇ ಸಿಕ್ಕಿದರೂ ಒಂದು ಪೆಟಾಬೈಟ್ ಇಳಿಯಲು ಮೂರು ತಿಂಗಳು.

ಗ್ರೇ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಕಾಶದ್ದು. ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟಿನಲ್ಲಿ ಸ್ಲೋನ್ ಸರ್ವೇಕ್ಷಣೆಯ ಎರಡೂವರೆ ಮೀಟರಿನ ದೂರದರ್ಶಕ 2000ದಲ್ಲಿ ಆಕಾಶವನ್ನು ಗೆರೆಗೆರೆಯಾಗಿ ನಕಲು ಮಾಡತೊಡಗಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಖಗೋಳಜ್ಞ ಅಲೆಕ್ಸ್ ಸಾಲೈ ಈ ರಾಶಿಯನ್ನು ಹೇಗೆ ಜೋಡಿಸಿಡುವುದು ಎಂದು ಗ್ರೇ ಅವರನ್ನು ಕೇಳಿದರು. ಗ್ರೇ ಯಂತ್ರದ ಮಾತೆತ್ತಲಿಲ್ಲ. ನೀವು ಆಕಾಶವನ್ನು ಕೇಳಬೇಕೆಂದಿರುವ ಇಪ್ಪತ್ತು ಪ್ರಶ್ನೆಗಳನ್ನು ಬರೆದುಕೊಡಿ ಎಂದರು. ಆ ಇಪ್ಪತ್ತಕ್ಕೆ ಉತ್ತರ ಕೊಡುವ ಹಾಗೆ ಕೋಶ ಕಟ್ಟಿದರು. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಇದಕ್ಕಿಂತ ಒಳ್ಳೆಯ ಪದ್ಧತಿ ಇನ್ನೂ ಬಂದಿಲ್ಲ. ಇಪ್ಪತ್ತು ಪ್ರಶ್ನೆ ಬರೆಯಲಾಗದವನಿಗೆ ಟೆರಾಬೈಟೂ ದಂಡ. 2001ರಲ್ಲಿ ಸ್ಕೈಸರ್ವರ್ ಎಂಬ ಹೆಸರಿನಲ್ಲಿ ಅದು ಎಲ್ಲರಿಗೂ ತೆರೆಯಿತು. ಆಮೇಲೆ ಕ್ಯಾಸ್‌ಜಾಬ್ಸ್ ಬಂತು. ಖಗೋಳಜ್ಞ ತನ್ನ ಊರಿನಲ್ಲಿ ಕೂತು ನಾಲ್ಕು ಸಾಲಿನ ಪ್ರಶ್ನೆ ಬರೆದು ಕಳಿಸುತ್ತಾನೆ. ಉತ್ತರ ಅವನ ಮನೆಗೂ ಬರಬೇಕಿಲ್ಲ. ಮಹಾಕೋಶದ ಪಕ್ಕದಲ್ಲೇ ಅವನ ಹೆಸರಿನ ಒಂದು ಪುಟ್ಟ ಕಪಾಟಿದೆ, ಅಲ್ಲಿ ಕೂರುತ್ತದೆ. ಮಾರನೆ ದಿನ ಆ ಕಪಾಟಿನದನ್ನೇ ಮತ್ತೆ ಮಹಾಕೋಶಕ್ಕೆ ಹಚ್ಚಿ ನೋಡಬಹುದು. ಗದ್ದೆ ಬದಿಯ ಆಲೆಮನೆಯಲ್ಲಿ ನಿಮ್ಮ ಹೆಸರಿನ ಒಂದು ಅಚ್ಚು ಇಟ್ಟ ಹಾಗೆ.

ಅದೇ ದಶಕದಲ್ಲಿ ಗೂಗಲ್ಲಿನವರು ಈ ತತ್ವವನ್ನು ಸಾವಿರಾರು ಅಗ್ಗದ ಯಂತ್ರಗಳ ಮೇಲೆ ಹರಡಿದರು. ಜೆಫ್ರಿ ಡೀನ್, ಸಂಜಯ್ ಘೇಮಾವತ್ 2004ರಲ್ಲಿ ಪ್ರಕಟಿಸಿದ ಮ್ಯಾಪ್‌ರೆಡ್ಯೂಸ್ ಅದು. ವಿದ್ಯಾರ್ಥಿಗಳಿಗೆ ಅದನ್ನು ಹೇಳಿಕೊಡುವಾಗ ನಾನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನು ತರುತ್ತೇನೆ. ಹದಿನಾಲ್ಕು ಸಂಪುಟ. ಒಂದೊಂದು ಒಬ್ಬೊಬ್ಬ ಸ್ನೇಹಿತರ ಮನೆಯಲ್ಲಿದೆ ಎಂದಿಟ್ಟುಕೊಳ್ಳಿ. ಕೆರೆ ಎಂಬ ಶಬ್ದ ಒಟ್ಟು ಎಷ್ಟು ಸಲ ಬಂದಿದೆ? ಹದಿನಾಲ್ಕು ಸಂಪುಟಗಳನ್ನು ಆಟೋದಲ್ಲಿ ಹೇರಿಕೊಂಡು ಬರಬಹುದು. ಅಥವಾ ಹದಿನಾಲ್ಕು ಕಾರ್ಡು ಬರೆಯಬಹುದು: ನಿಮ್ಮ ಸಂಪುಟದಲ್ಲಿ ಎಣಿಸಿ, ಸಂಖ್ಯೆ ಮಾತ್ರ ಬರೆದು ಕಳಿಸಿ. ಬಂದ ಹದಿನಾಲ್ಕು ಸಂಖ್ಯೆ ಕೂಡಿದರೆ ಆಯಿತು. ಗೂಗಲ್ಲಿನ ವ್ಯವಸ್ಥೆಯಲ್ಲಿ ಕಡತವನ್ನು 64 ಮೆಗಾಬೈಟಿನ ತುಂಡುಗಳಾಗಿ ಕಡಿದು, ಪ್ರತಿ ತುಂಡಿಗೂ ಮೂರು ಪ್ರತಿ ಮಾಡಿ ಬೇರೆ ಬೇರೆ ಯಂತ್ರಗಳಲ್ಲಿಡುತ್ತಿದ್ದರು. ಕೆಲಸ ಹಂಚುವ ಮೇಸ್ತ್ರಿ ಯಂತ್ರ ಮೊದಲು ನೋಡುವುದು ಒಂದನ್ನೇ: ಈ ತುಂಡು ಯಾರ ಮನೆಯಲ್ಲಿದೆ? ಆ ಯಂತ್ರಕ್ಕೇ ಕೆಲಸ. ಅದಕ್ಕೆ ಬಿಡುವಿಲ್ಲವಾದರೆ ಅದೇ ಬೀದಿಯ, ಎಂದರೆ ಒಂದೇ ಸ್ವಿಚ್ಚಿಗೆ ಸೇರಿದ, ಪಕ್ಕದ ಯಂತ್ರಕ್ಕೆ. ಡಗ್ ಕಟಿಂಗ್ ತಮ್ಮ ಮಗನ ಹಳದಿ ಆಟಿಕೆ ಆನೆಯ ಹೆಸರಿಟ್ಟು ಬೆಳೆಸಿದ ಹಡೂಪ್ ಇದನ್ನು ಎಲ್ಲರ ಕೈಗೆ ಕೊಟ್ಟಿತು. ಬೆಂಗಳೂರಿನ ಎಷ್ಟೋ ಇಂಜಿನಿಯರುಗಳ ಮನೆಯ ಸಾಲ ತೀರಿಸಿದ್ದು ಆ ಆನೆಯೇ.

ಆದರೆ ಎಲ್ಲ ಪ್ರಶ್ನೆಯೂ ಕಾರ್ಡಿನಲ್ಲಿ ಮುಗಿಯುವುದಿಲ್ಲ. ವಿಶ್ವಕೋಶದ ಯಾವ ಎರಡು ಸಂಪುಟಗಳಲ್ಲಿ ಒಂದೇ ವಿಷಯಕ್ಕೆ ಬೇರೆ ಬೇರೆ ಇಸವಿ ಕೊಟ್ಟಿದ್ದಾರೆ ಎಂದು ಕೇಳಿ ನೋಡಿ. ಈಗ ಸಂಪುಟಗಳು ಒಂದನ್ನೊಂದು ಭೇಟಿಯಾಗಲೇಬೇಕು. ಇದಕ್ಕೆ ನಾನು ಕಂಡ ದೊಡ್ಡ ಉದಾಹರಣೆ ಕಪ್ಪುಕುಳಿಯ ಚಿತ್ರ. 2017ರ ಏಪ್ರಿಲಿನಲ್ಲಿ ಹವಾಯಿಯಿಂದ ಸ್ಪೇನಿನವರೆಗೆ, ಚಿಲಿಯಿಂದ ದಕ್ಷಿಣ ಧ್ರುವದವರೆಗೆ ಎಂಟು ರೇಡಿಯೊ ದೂರದರ್ಶಕಗಳು ಒಟ್ಟಿಗೆ ಆಕಾಶಕ್ಕೆ ಕಿವಿಗೊಟ್ಟು ಕೂತವು. ಒಂದು ಕೇಳಿದ ಅಲೆಯನ್ನು ಇನ್ನೊಂದು ಕೇಳಿದ ಅಲೆಯ ಪಕ್ಕಕ್ಕಿಟ್ಟು, ಕ್ಷಣದ ಚೂರು ಚೂರನ್ನೂ ತಾಳೆ ನೋಡದೆ ಚಿತ್ರ ಮೂಡುವುದಿಲ್ಲ. ಪ್ರತಿಯೊಂದೂ ತನ್ನ ಉತ್ತರ ಬರೆದು ಕಳಿಸಲಿ ಎನ್ನುವಂತಿಲ್ಲ, ಏಕೆಂದರೆ ಒಂಟಿಯಾಗಿ ಯಾವುದರ ಬಳಿಯೂ ಉತ್ತರವಿಲ್ಲ. ಹಾಗಾಗಿ ಪೆಟಾಬೈಟುಗಟ್ಟಲೆ ದತ್ತಾಂಶ ಹಾರ್ಡ್‌ಡಿಸ್ಕುಗಳಲ್ಲಿ ತುಂಬಿ, ವಿಮಾನ ಹತ್ತಿ, ಅಮೆರಿಕದ ಹೇಸ್ಟ್ಯಾಕ್ ವೀಕ್ಷಣಾಲಯಕ್ಕೂ ಜರ್ಮನಿಯ ಬಾನ್ ನಗರಕ್ಕೂ ಹೋಯಿತು. ದಕ್ಷಿಣ ಧ್ರುವದ ಡಿಸ್ಕುಗಳಿಗೆ ಮಾತ್ರ ವಿಮಾನವಿಲ್ಲ. ಅಲ್ಲಿನ ಚಳಿಗಾಲ ಕಳೆಯುವ ತನಕ ಎಲ್ಲರೂ ತಿಂಗಳುಗಟ್ಟಲೆ ಕಾದರು. 2019ರ ಏಪ್ರಿಲ್ 10ರಂದು ಹೊರಬಂದ ಆ ಕಿತ್ತಳೆ ಬಣ್ಣದ ಉಂಗುರ ಈಗ ನಿಮ್ಮ ಫೋನಿನ ಮೂಲೆಯಲ್ಲೂ ಇರಬಹುದು.

ಇನ್ನೊಂದು ಆಕ್ಷೇಪವನ್ನೂ ನಾನೇ ಹೇಳಿಬಿಡುತ್ತೇನೆ, ಸಭೆಯಲ್ಲಿ ಡೇಟಾ ಸೆಂಟರಿನ ಹುಡುಗರಿದ್ದರೆ ಕಾಯುತ್ತಿರುತ್ತಾರೆ. ಒಂದೇ ಕಟ್ಟಡದ ಒಳಗೆ ದತ್ತಾಂಶವಿದ್ದಲ್ಲೇ ಲೆಕ್ಕ ಎಂಬ ನಿಯಮ ಸಡಿಲವಾಗಿದೆ. ಜಾಲ ಎಷ್ಟು ವೇಗವಾಯಿತೆಂದರೆ ಪಕ್ಕದ ಯಂತ್ರದ ಡಿಸ್ಕಿನಿಂದ ಓದುವುದೂ ಸ್ವಂತ ಡಿಸ್ಕಿನಿಂದ ಓದುವುದೂ ಹೆಚ್ಚುಕಡಿಮೆ ಒಂದೇ ಆಯಿತು. 2011ರಲ್ಲೇ ಸಂಶೋಧಕರು ಇದನ್ನು ಎತ್ತಿ ತೋರಿಸಿದರು. ಈಗಿನ ಕ್ಲೌಡ್ ವ್ಯವಸ್ಥೆಗಳು ಉಗ್ರಾಣವನ್ನೂ ಅಡುಗೆಮನೆಯನ್ನೂ ಬೇರೆ ಬೇರೆ ಮಾಡಿ, ನಡುವೆ ಅಗಲವಾದ ಓಣಿ ಬಿಟ್ಟಿವೆ. ಒಪ್ಪಿದೆ. ಆದರೆ ಕಟ್ಟಡದಿಂದ ಹೊರಗೆ ಕಾಲಿಟ್ಟರೆ ಹಳೆಯ ನಿಯಮವೇ. ವಿಚಿತ್ರವೆಂದರೆ ಚಿಪ್ಪಿನ ಒಳಗೆ ಹೋದರೂ ಅದೇ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ 45 ನ್ಯಾನೊಮೀಟರ್ ಚಿಪ್ಪಿನ ಶಕ್ತಿಯ ಲೆಕ್ಕ ಕೊಟ್ಟಿದ್ದರು. ಎರಡು ದಶಮಾಂಶ ಸಂಖ್ಯೆ ಕೂಡಿಸಲು 0.9 ಪಿಕೊಜೂಲ್, ಅಂಥ ಒಂದು ಸಂಖ್ಯೆಯನ್ನು ಹೊರಗಿನ ಸ್ಮೃತಿಯಿಂದ ತರಲು 640. ಏಳು ನೂರು ಪಟ್ಟು. ಚಿಟಿಕೆ ಉಪ್ಪಿಗೆ ಸಂತೆಗೆ ಹೋಗಿ ಬಂದ ಹಾಗೆ. ಅದಕ್ಕೇ ಸ್ಮೃತಿಯ ಚಿಪ್ಪಿನೊಳಗೇ ಸಣ್ಣ ಲೆಕ್ಕದ ಘಟಕಗಳನ್ನು ಕೂರಿಸುವ ಪ್ರಯತ್ನ ನಡೆದಿದೆ. ಅದು ಎಷ್ಟು ದೂರ ಹೋಗುತ್ತದೆ ನೋಡಬೇಕು.

ನನ್ನ ಕೆರೆಗಳಿಗೆ ಬರುತ್ತೇನೆ. ನಾನು ಒಂಬತ್ತು ರಾತ್ರಿ ನಿದ್ದೆಗೆಟ್ಟ ಮರುವರ್ಷ, 2010ರ ಕೊನೆಯಲ್ಲಿ, ಗೂಗಲ್ ಅರ್ತ್ ಎಂಜಿನ್ ಬಂತು. ಲ್ಯಾಂಡ್‌ಸ್ಯಾಟ್ ಭಂಡಾರವನ್ನು ಒಮ್ಮೆ ಒಂದು ಕಡೆ ಪೇರಿಸಿಟ್ಟು, ಪ್ರಶ್ನೆ ನೀವು ಕಳಿಸಿ ಎಂದರು. ಇಟಲಿಯ ಇಸ್ಪ್ರಾದಲ್ಲಿರುವ ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರದವರು ಅಲ್ಲಿ 1984ರಿಂದ 2015ರವರೆಗಿನ ಮೂವತ್ತು ಲಕ್ಷ ಚಿತ್ರಗಳನ್ನು ಅರೆದು, ಭೂಮಿಯ ಮೇಲಿನ ನೀರು ಎಲ್ಲಿ ಬಂತು, ಎಲ್ಲಿ ಹೋಯಿತು ಎಂಬ ನಕ್ಷೆಯನ್ನು 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂವತ್ತು ಮೀಟರಿನ ಚೌಕಕ್ಕೆ ಒಂದು ಚುಕ್ಕೆ. ನಮ್ಮ ಕೆರೆಗಳೂ ಅದರಲ್ಲಿವೆ. ಮೊನ್ನೆ ಈ ಉಪನ್ಯಾಸ ಬರೆಯುವಾಗ ನನ್ನ ಹಳೆಯ ಪ್ರಶ್ನೆಯನ್ನೇ ಅಲ್ಲಿಗೆ ಕಳಿಸಿದೆ. ಕಾಫಿ ಆರುವ ಮೊದಲು ಹತ್ತು ಸಾಲಿನ ಕೋಷ್ಟಕ ಬಂತು.

ಸಂತೋಷವಾಯಿತು, ಜೊತೆಗೆ ಸ್ವಲ್ಪ ಇರುಸುಮುರುಸೂ. ಆಲೆಮನೆ ಯಾರದು? ಕಬ್ಬು ಅಲ್ಲಿಗೆ ಹೋದ ಮೇಲೆ ಆಲೆಯ ಯಜಮಾನ ಹೇಳಿದ ಹೊತ್ತಿಗೆ, ಹೇಳಿದ ಬಾಡಿಗೆಗೆ ನಾವು ಸಾಲಿನಲ್ಲಿ ನಿಲ್ಲಬೇಕು. ಲೆಕ್ಕ ದತ್ತಾಂಶದ ಹತ್ತಿರ ಹೋಗಬೇಕು ಎಂಬುದು ತಂತ್ರದ ಮಾತು. ದತ್ತಾಂಶ ಯಾರ ಅಂಗಳದಲ್ಲಿದೆಯೋ ಉಳಿದವರೆಲ್ಲ ಅವರ ಅತಿಥಿಗಳು ಎಂಬುದು ಅದರ ಬೆನ್ನಿಗೇ ಬರುವ ರಾಜಕಾರಣದ ಮಾತು. ಎರಡನ್ನೂ ಒಟ್ಟಿಗೇ ಯೋಚಿಸಬೇಕು.

ಜೀನೋಮಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಹತ್ತು ಸಾವಿರ ಭಾರತೀಯರ ಪೂರ್ಣ ಜೀನೋಮ್ ಓದಿ ಆಗಿದೆ. ಸುಮಾರು ಎಂಟು ಪೆಟಾಬೈಟ್. ಅದನ್ನು ಇಟ್ಟಿರುವುದು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ. ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ. ಸೆಕೆಂಡಿಗೆ ಒಂದು ಗಿಗಾಬಿಟ್ ಲೈನಿನಲ್ಲಿ ಅಷ್ಟನ್ನೂ ಇಳಿಸಲು ಹೋದರೆ ಎರಡು ವರ್ಷ. ಅದು ಬೇಕೂ ಇಲ್ಲ, ಇಳಿಸಲು ಬಿಡಲೂಬಾರದು. ಬ್ರಿಟನ್ನಿನ ಯುಕೆ ಬಯೊಬ್ಯಾಂಕ್ ಐದು ಲಕ್ಷ ಸ್ವಯಂಸೇವಕರ ಮಾಹಿತಿಗೆ 2021ರಲ್ಲಿ ತನ್ನದೇ ವಿಶ್ಲೇಷಣಾ ವೇದಿಕೆ ಕಟ್ಟಿ ಸಂಶೋಧಕರನ್ನು ಅಲ್ಲಿಗೆ ಕರೆಯಿತು. ಒಬ್ಬ ಮನುಷ್ಯನ ಜೀನೋಮ್ ಒಮ್ಮೆ ಹೊರಗೆ ಹೋದರೆ ವಾಪಸು ಕರೆಯಲಾಗದು. ಅದು ಅವನದಷ್ಟೇ ಅಲ್ಲ, ಅವನ ಮಕ್ಕಳದೂ ಹೌದು. ಪ್ರಶ್ನೆ ಒಳಗೆ ಹೋಗಿ ಉತ್ತರ ಮಾತ್ರ ಹೊರಗೆ ಬಂದರೆ ಗುಟ್ಟು ಉಳಿಯುತ್ತದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಪೂರ್ತಿ ಹಾಗಲ್ಲ. ಇಂಥ ಊರಿನ, ಇಂಥ ಸಮುದಾಯದ, ಎಪ್ಪತ್ತು ದಾಟಿದ ಹೆಂಗಸರಲ್ಲಿ ಈ ದೋಷ ಎಷ್ಟು ಮಂದಿಗಿದೆ ಎಂದು ಕೇಳಿ, ಉತ್ತರ ಒಂದು ಎಂದು ಬಂದರೆ? ಊರಿನವರಿಗೆ ಆ ಅಜ್ಜಿ ಯಾರೆಂದು ಗೊತ್ತಾಗಿ ಹೋಗುತ್ತದೆ. ಆದ್ದರಿಂದ ಹೊರಗೆ ಹೋಗುವ ಉತ್ತರವನ್ನೂ ಬಾಗಿಲಲ್ಲಿ ನಿಲ್ಲಿಸಿ ನೋಡುವವರು ಬೇಕು.

ಹಾಗೆಂದು ಎಲ್ಲದಕ್ಕೂ ಆಲೆಮನೆ ಕಟ್ಟಬೇಕಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರೂವರೆ ಸಾವಿರದಷ್ಟು ಸ್ವಯಂಚಾಲಿತ ಮಳೆಮಾಪಕ ಇಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಅಳತೆ. ಕೇಳಿದರೆ ಮಹಾಸಾಗರ ಎನ್ನಿಸುತ್ತದೆ. ಲೆಕ್ಕ ಹಾಕಿ: ದಿನಕ್ಕೆ ಆರು ಲಕ್ಷದ ಇಪ್ಪತ್ತನಾಲ್ಕು ಸಾವಿರ ಅಂಕಿ. ಒಂದೊಂದಕ್ಕೆ ಹದಿನಾರು ಬೈಟ್ ಕೊಟ್ಟರೂ ವರ್ಷಕ್ಕೆ ನಾಲ್ಕು ಗಿಗಾಬೈಟ್ ಆಗುವುದಿಲ್ಲ. ಇಡೀ ರಾಜ್ಯದ ಒಂದು ವರ್ಷದ ಮಳೆ ಆ ಪಾರಿವಾಳದ ಕಾಲಿನ ಕಾರ್ಡಿನಲ್ಲಿ ಹಿಡಿಸುತ್ತದೆ. ಇಂಥದ್ದಕ್ಕೂ ಹಡೂಪ್ ಕ್ಲಸ್ಟರ್ ಬೇಕೆಂದು ಕೋಟೇಷನ್ ಹಿಡಿದು ಬರುವವರನ್ನು ನಾನು ನೋಡಿದ್ದೇನೆ. ಅವರಿಗೆ ಒಂದು ಲೋಟ ನೀರು ಕೊಟ್ಟು ಕಳಿಸಿ.

ತಾಳೆಗರಿಗಳ ಲೆಕ್ಕ ಬೇರೆ. ಒಂದು ಗರಿಯ ಒಂದು ಬದಿಯನ್ನು ಚೆನ್ನಾಗಿ ಸ್ಕ್ಯಾನ್ ಮಾಡಿದರೆ 80 ಮೆಗಾಬೈಟ್ ಎಂದುಕೊಳ್ಳಿ. ಲಕ್ಷ ಗರಿ, ಎರಡೂ ಬದಿ: 16 ಟೆರಾಬೈಟ್. ಇದನ್ನು ಡಿವಿಡಿಗಳಲ್ಲಿ, ಡಿಸ್ಕುಗಳಲ್ಲಿ ತುಂಬಿ ಬೀರುವಿಗೆ ಬೀಗ ಹಾಕಿದರೆ ಸಂರಕ್ಷಣೆಯಾಯಿತು ಎಂದು ನಮ್ಮಲ್ಲಿ ಭಾವನೆಯಿದೆ. ಕೇಳಿದವರಿಗೆ ಇಳಿಸಿಕೊಳ್ಳುವ ಕೊಂಡಿ ಕೊಟ್ಟರೆ ಉದಾರತೆ ಎಂದೂ. ಧಾರವಾಡದ ಒಬ್ಬ ಸಂಶೋಧಕಿಗೆ ಎಲ್ಲ ಗರಿಗಳಲ್ಲಿ ಳಕಾರದ ಒಂದು ಹಳೆಯ ರೂಪ ಎಲ್ಲೆಲ್ಲಿದೆ ಎಂದಷ್ಟೇ ಬೇಕು. ಅವಳು ಹದಿನಾರು ಟೆರಾಬೈಟ್ ಎಲ್ಲಿ ಇಳಿಸಿಯಾಳು? ಗರಿಗಳ ಪಕ್ಕದಲ್ಲೇ ಒಂದು ಯಂತ್ರವಿದ್ದು, ಅವಳ ಪ್ರಶ್ನೆಯನ್ನು ಕೂರಿಸಿಕೊಳ್ಳುವ ಒಂದು ಕಪಾಟಿದ್ದರೆ ಸಾಕು. ಅಂಥ ಯಂತ್ರದ ಬೆಲೆ ಸ್ಕ್ಯಾನಿಂಗ್ ಯೋಜನೆಯ ಖರ್ಚಿನ ಮುಂದೆ ದೊಡ್ಡದಲ್ಲ. ಅದು ಇರುವುದಿಲ್ಲ, ಏಕೆಂದರೆ ಯೋಜನಾ ಪ್ರಸ್ತಾವದಲ್ಲಿ ಅದಕ್ಕೆ ಕಾಲಮ್ಮೇ ಇರುವುದಿಲ್ಲ. ಸ್ಕ್ಯಾನರು, ಡಿಸ್ಕು, ಬೀರು, ಉದ್ಘಾಟನೆ, ಇಷ್ಟಕ್ಕೆ ನಿಲ್ಲುತ್ತದೆ.

ಈ ಸಭೆಯಲ್ಲಿ ಪ್ರಾಚಾರ್ಯರಿದ್ದೀರಿ, ಗ್ರಂಥಪಾಲಕರಿದ್ದೀರಿ, ಇಲಾಖೆಯವರೂ ಒಬ್ಬಿಬ್ಬರು ಕಾಣುತ್ತಿದ್ದೀರಿ. ಮುಂದಿನ ಪ್ರಸ್ತಾವ ಬರೆಯುವಾಗ ಮೊದಲು ಇಪ್ಪತ್ತು ಪ್ರಶ್ನೆ ಬರೆದುಕೊಳ್ಳಿ. ಆಮೇಲೆ ಡಿಸ್ಕಿನ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಲೆಕ್ಕ ಮಾಡುವ ಯಂತ್ರ, ಒಂದು, ಅದನ್ನು ನೋಡಿಕೊಳ್ಳುವವರು, ಒಬ್ಬರು. ಹಣಕಾಸಿನವರು ಆ ಸಾಲನ್ನು ಹೊಡೆದು ಹಾಕಿದರೆ ನನಗೆ ಫೋನ್ ಮಾಡಿ, ಅವರ ಮುಂದೆ ಕೂತು ವಾದಿಸಲು ನಾನು ಬರುತ್ತೇನೆ.